ಆಪ್ತಸಲಹೆ ಪ್ರಕರಣ: ಮೊಮ್ಮಗನನ್ನು ನನಗೇ ಕೊಡಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೆಲವು ವರ್ಷಗಳ ಹಿಂದಿನ ಪ್ರಕರಣ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೂಲನಿವಾಸಿ ಅಜ್ಜಿ. ಗಂಡನ ಹೊಡೆತ ತಾಳಲಾರದೆ ಅವರ ಮಗಳು ಪೊಲೀಸರನ್ನು ಕರೆದಿದ್ದಳು. ಆಮೇಲೆ ಸರ್ಕಾರದ ಮಕ್ಕಳ ರಕ್ಷಣೆಯವರು ಬಂದು ಪುಟ್ಟ ಮಗನನ್ನು ಪರಿಚಯವೇ ಇಲ್ಲದವರ ಮನೆಯಲ್ಲಿ ಬಿಟ್ಟರು. ಅಜ್ಜಿಯನ್ನು ಯಾರೂ ಕೇಳಲಿಲ್ಲ.

"ನಮ್ಮಮ್ಮನನ್ನೂ ಹೀಗೇ ಎತ್ಕೊಂಡು ಹೋಗಿದ್ರು. ಆಫೀಸಿನವರನ್ನು ಕಂಡರೆ ನನಗೆ ಮಾತೇ ಹೊರಡಲ್ಲ" ಎಂದರು.

1910ರಿಂದ 1970ರವರೆಗೆ ಮೂಲನಿವಾಸಿಗಳ ಹತ್ತು ಮಕ್ಕಳಲ್ಲಿ ಒಬ್ಬರನ್ನಾದರೂ, ಕೆಲವು ಕಡೆ ಮೂವರಲ್ಲಿ ಒಬ್ಬರನ್ನು ಹೀಗೆ ಕಿತ್ತುಕೊಂಡಿದ್ದರು ಎಂದು 1997ರ ರಾಷ್ಟ್ರೀಯ ವಿಚಾರಣೆ ಹೇಳಿತು. ಈಗಲೂ ದೇಶದ ಮಕ್ಕಳಲ್ಲಿ ಅವರು ನೂರಕ್ಕೆ ಸುಮಾರು 6. ಹೆತ್ತವರಿಂದ ದೂರ, ಸರ್ಕಾರದ ಆರೈಕೆಯಲ್ಲಿ ಇರುವವರಲ್ಲಿ ಮಾತ್ರ ನೂರಕ್ಕೆ 40ಕ್ಕಿಂತ ಜಾಸ್ತಿ. ಇಷ್ಟೆಲ್ಲ ಕಂಡ ಕುಟುಂಬದ ಹೆಂಗಸು ಹೆದರಿ ಸುಮ್ಮನಿದ್ದರೆ, ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಎಂದು ಬರೆಯುವುದು ಅನ್ಯಾಯ. ಪೆಟ್ಟು ತಿಂದ ತಾಯಿಯಿಂದಲೇ ಮಗುವನ್ನು ಬಿಡಿಸಿದರೆ ನಾಳೆ ಯಾವ ಹೆಂಗಸು ಪೊಲೀಸರನ್ನು ಕರೆದಾಳು?

ಮೊದಲು ಸಮಯದ ವಿಷಯ ಹೇಳಿದೆ. 2016ರಲ್ಲಿ ಜಾರಿಗೆ ಬಂದು ಆಗ ನಡೆಯುತ್ತಿದ್ದ ನಿಯಮದಂತೆ, ಮಗುವನ್ನು ಹೆತ್ತವರಿಗೆ ಮರಳಿಸಲು ಸಾಮಾನ್ಯವಾಗಿ 12 ತಿಂಗಳು, ವಿಸ್ತರಿಸಿದರೂ ಒಟ್ಟು 24 ತಿಂಗಳ ಗಡುವಿತ್ತು. ಆಮೇಲೆ ಮಗುವನ್ನು ಕಾಯಂ ಆಗಿ ಬೇರೆಯವರ ಆರೈಕೆಗೆ ಕೊಡುವ ಮಾತು ಶುರುವಾಗುತ್ತಿತ್ತು. ಮಗಳು ಸರ್ಕಾರಿ ಮನೆಗಾಗಿ ಕ್ಯೂನಲ್ಲಿದ್ದರೂ ಗಡುವಿನ ತಿಂಗಳುಗಳು ಓಡುತ್ತಲೇ ಇದ್ದವು.

"ಇವತ್ತೇ ಮೂಲನಿವಾಸಿಗಳ ಕಾನೂನು ನೆರವಿನ ಸಂಸ್ಥೆ ವಿಕ್ಟೋರಿಯನ್ ಅಬಾರಿಜಿನಲ್ ಲೀಗಲ್ ಸರ್ವಿಸ್‌ಗೆ ಫೋನ್ ಮಾಡೋಣ. ಮಗು ನನ್ನ ಹತ್ತಿರ ಇರಲಿ ಅಂತ ಮಕ್ಕಳ ರಕ್ಷಣೆಯವರಿಗೆ ಬರೆದೇ ಕೊಡಿ. ಬಾಯಲ್ಲಿ ಹೇಳಿದ್ದು ಉಳಿಯಲ್ಲ" ಎಂದೆ. ಕಾನೂನಿನ ಪ್ರಕಾರವೇ ಮೊದಲ ಆದ್ಯತೆ ಮನೆಯವರಿಗೆ, ನಂತರ ಅವರ ಸಮುದಾಯಕ್ಕೆ. ಮೂಲನಿವಾಸಿ ಕುಟುಂಬದವರೇ ಮುಂದೆ ನಿಂತು ತೀರ್ಮಾನಿಸುವ ಸಭೆಯನ್ನೂ ಕೇಳಬಹುದು. ಅದನ್ನು ಕೇಳಿ, ಅಕ್ಕತಂಗಿಯರನ್ನೆಲ್ಲ ಕರೆತನ್ನಿ ಎಂದೆ. ಮಗುವಿನ ಭೇಟಿ ಒಂದನ್ನೂ ತಪ್ಪಿಸಬೇಡಿ, ಅವರೇ ರದ್ದು ಮಾಡಿದರೆ ತಾರೀಖು ಬರೆದಿಡಿ. ಮಗಳನ್ನು ಜಿರ್ರಾಗೆ ಕಳಿಸಿದೆ. ಅದು ಮನೆಯಲ್ಲಿ ಹಿಂಸೆ ಕಂಡ ಮೂಲನಿವಾಸಿ ಹೆಂಗಸರಿಗೆ ಕಾನೂನಿನ ನೆರವನ್ನೂ ಕೊಡುವ ಸಂಸ್ಥೆ.

ಸಭೆಯಾದ ಮೇಲೆ ಮಗು ಅಜ್ಜಿಯ ಮನೆಗೆ ಬಂತು. ತಾಯಿಗೆ ಮರಳಿಸುವ ಪ್ರಯತ್ನ ಮುಂದುವರಿಯಿತು. ಸಾಕುವ ನೆಂಟರಿಗೂ ಭತ್ಯೆ ಇದೆ ಎಂದಾಗ ಅಜ್ಜಿ ಬೇಡವೇ ಬೇಡ ಎಂದರು. ಅದು ಮಗುವಿನ ಊಟ, ಬಟ್ಟೆಯ ದುಡ್ಡು ಎಂದು ಒಪ್ಪಿಸಿ, ಅರ್ಜಿಯನ್ನು ಕೂತು ಒಟ್ಟಿಗೇ ತುಂಬಿದೆವು.