ಓದುಗರ ಪ್ರಶ್ನೆ: ಇಂಗ್ಲಿಷ್ ಪದಗಳ ಬೇರು ಹಿಡಿದರೆ ಸಾಕಾ?

ಪ್ರಶ್ನೆ: ದೊಡ್ಡ ಪರೀಕ್ಷೆಯೊಂದಕ್ಕೆ ಓದುತ್ತಿದ್ದೇನೆ. ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ ಇಟ್ಟುಕೊಂಡು ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡಿದೆ, ವಾರ ಕಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಮರೆತೇಹೋಗಿತ್ತು. ಪದಗಳ ಧಾತು ಕಲಿತರೆ ಎಲ್ಲ ಸುಲಭ ಅಂತ ಗೆಳೆಯ ಹೇಳುತ್ತಾನೆ. ನಿಜವಾ?

ಉತ್ತರ: ಅರ್ಧ ನಿಜ. ಆ ಅರ್ಧವೇ ತುಂಬಾ ಕೆಲಸಕ್ಕೆ ಬರುತ್ತದೆ, ಅದನ್ನೇ ಮೊದಲು ನೋಡೋಣ.

ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಈ ಐದೂ ಪದಗಳು ಸಂಸ್ಕೃತದ ಒಂದೇ ಧಾತುವಿನಿಂದ ಬಂದಿವೆ, ಮುಂದೆ ಕೂತಿರುವ ಉಪಸರ್ಗ ಮಾತ್ರ ಬೇರೆ ಬೇರೆ. ಇಂಗ್ಲಿಷಿನ ದೊಡ್ಡ ಪದಗಳಲ್ಲಿ ಬಹಳಷ್ಟು ಹೀಗೇ ಹುಟ್ಟಿದವು. ಲ್ಯಾಟಿನ್ನಿನಲ್ಲಿ 'ಸ್ಪೆಕ್' ಅಂದರೆ ನೋಡು. ಒಳಹೊಕ್ಕು ನೋಡಿದರೆ 'ಇನ್‌ಸ್ಪೆಕ್ಟ್'. ಹಿಂದೆ ತಿರುಗಿ ನೋಡಿದರೆ 'ರೆಟ್ರೊಸ್ಪೆಕ್ಟ್'. ತನ್ನೊಳಗೇ ನೋಡಿಕೊಂಡರೆ 'ಇಂಟ್ರೊಸ್ಪೆಕ್ಷನ್'. 'ಸರ್ಕಮ್' ಅಂದರೆ ಸುತ್ತ, ಹಾಗಾಗಿ ಸುತ್ತಲೂ ಕಣ್ಣಾಡಿಸಿ ಆಮೇಲೆ ಹೆಜ್ಜೆ ಇಡುವ ಸ್ವಭಾವಕ್ಕೆ 'ಸರ್ಕಮ್‌ಸ್ಪೆಕ್ಟ್' ಅನ್ನುತ್ತಾರೆ. ನಿಮ್ಮ ಪಟ್ಟಿಯಲ್ಲಿ 'ಪರ್‌ಸ್ಪಿಕೇಶಸ್' ಖಂಡಿತ ಇರುತ್ತದೆ. ಅದರಲ್ಲಿ ಇರುವುದೂ ಇದೇ ನೋಟ, 'ಪರ್' ಅಂದರೆ ತೂರಿಕೊಂಡು. ಮೇಲಿನ ಪದರ ದಾಟಿ ಒಳಗಿನದನ್ನು ಕಾಣಬಲ್ಲವರು ಅಂತ ಅರ್ಥ. ಒಂದು ಬೇರಿಗೆ ಐದು ಪದ ಅಂಟಿಕೊಂಡವು, ನೋಡಿ.

ನಮಗೆ ಇನ್ನೊಂದು ಅನುಕೂಲ ಇದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಶಾಲೆಯಲ್ಲಿ ನಾವೆಲ್ಲ ಸಂಧಿ ಕಲಿತಿದ್ದೇವೆ. ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗುತ್ತದೆ ಅಲ್ವಾ, ಹಾಗೆಯೇ 'ಇಲ್ಲ' ಅನ್ನುವ 'ಇನ್' ಹೋಗಿ 'ಲೀಗಲ್' ಜೊತೆ ಸೇರಿದಾಗ 'ಇಲ್ಲೀಗಲ್', 'ರೆಗ್ಯುಲರ್' ಜೊತೆ 'ಇರ್ರೆಗ್ಯುಲರ್', 'ಪಾಸಿಬಲ್' ಜೊತೆ 'ಇಂಪಾಸಿಬಲ್' ಆಗುತ್ತದೆ. 'ಅಟ್ರ್ಯಾಕ್ಟ್' ಬರೆಯುವಾಗ ಎರಡು 'ಟಿ' ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೀರಾ? 'ಅಡ್' ಅಂದರೆ ಕಡೆಗೆ, 'ಟ್ರ್ಯಾಕ್ಟ್' ಅಂದರೆ ಎಳೆ. 'ಡಿ' ಪಕ್ಕದ 'ಟಿ'ಗೆ ಒಗ್ಗಿಕೊಂಡು ತಾನೂ 'ಟಿ' ಆಯಿತು. ಸ್ಪೆಲ್ಲಿಂಗ್ ಬಾಯಿಪಾಠ ಮಾಡುವ ಕಷ್ಟ ಅಲ್ಲಿಗೇ ಕಡಿಮೆಯಾಯಿತು.

ಇನ್ನೂ ಒಂದು ಮಾತು. 1786ರಲ್ಲಿ ವಿಲಿಯಂ ಜೋನ್ಸ್ ಅನ್ನುವ ನ್ಯಾಯಾಧೀಶರು ಕಲ್ಕತ್ತಾದ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾತಾಡುತ್ತಾ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಎಂದರು. ಕನ್ನಡ ಆ ಕುಟುಂಬದ್ದಲ್ಲ, ಆದರೆ ಸಂಸ್ಕೃತದಿಂದ ನಾವು ತೆಗೆದುಕೊಂಡ ಪದಗಳು ಸಾಕಷ್ಟು ಇರುವುದರಿಂದ ನಂಟು ಕಾಣುತ್ತದೆ. ದಂತ ಗೊತ್ತಿದ್ದವರಿಗೆ 'ಡೆಂಟಲ್' ಹೊಸದಲ್ಲ, ದಾನ ಗೊತ್ತಿದ್ದವರಿಗೆ 'ಡೊನೇಷನ್' ಹೊಸದಲ್ಲ. ನನಗೆ ತುಂಬಾ ಇಷ್ಟವಾದದ್ದು 'ಇಮ್ಮಾರ್ಟಲ್'. ಅದರ 'ಇಮ್' ನಮ್ಮ 'ಅ', ಅದರ 'ಮಾರ್ಟ್' ನಮ್ಮ 'ಮೃತ'. ಅಂದರೆ ಅದು ಅಮೃತದ ಹತ್ತಿರದ ಸಂಬಂಧಿ.

ಈಗ ಉಳಿದ ಅರ್ಧ. ಹಾರ ಅನ್ನುವ ಪದಗಳ ಹಿಂದಿನ ಧಾತುವಿಗೆ 'ಒಯ್ಯು' ಅಂತ ಅರ್ಥ. ಅಷ್ಟು ಮಾತ್ರ ಗೊತ್ತಿರುವ, ಕನ್ನಡ ಬಾರದ ಒಬ್ಬರು ಆಹಾರ ಅಂದರೆ ಊಟ, ಪ್ರಹಾರ ಅಂದರೆ ಏಟು ಅಂತ ಊಹಿಸಬಲ್ಲರಾ? ಆಗುವುದಿಲ್ಲ. ಇಂಗ್ಲಿಷಿನಲ್ಲೂ ಹಾಗೇ. 'ನೈಸ್' ಪದದ ಲ್ಯಾಟಿನ್ ಮೂಲಕ್ಕೆ 'ಏನೂ ಗೊತ್ತಿಲ್ಲದ' ಅಂತ ಅರ್ಥ. ಇವತ್ತು ಯಾರಾದರೂ ನಿಮ್ಮನ್ನು 'ನೈಸ್' ಅಂದರೆ ಬೇಜಾರು ಮಾಡಿಕೊಳ್ಳುತ್ತೀರಾ? ಧಾತು ಇರುವುದು ಪದವನ್ನು ನೆನಪಿನಲ್ಲಿ ನೇತುಹಾಕುವ ಗೂಟವಾಗಿ. ಅರ್ಥ ಸಿಗುವುದು ವಾಕ್ಯದಲ್ಲಿ. ಅದಕ್ಕೇ ಪಟ್ಟಿಯಿಂದ ಶುರುಮಾಡಬೇಡಿ, ಓದುವಾಗ ಎದುರಾದ ಪದದಿಂದ ಶುರುಮಾಡಿ. ವಾಕ್ಯ ನೋಡಿ ಊಹಿಸಿ, ಡಿಕ್ಷನರಿ ತೆಗೆದು ಸರಿಯಾ ಅಂತ ನೋಡಿ, ಆಮೇಲೆ ಬೇರು ಹುಡುಕಿ. ಈ ಕ್ರಮ ತಿರುಗುಮುರುಗಾದರೆ ಊಹೆಯನ್ನೇ ಅರ್ಥ ಅಂದುಕೊಂಡು ಬಿಡುತ್ತೇವೆ.

ಪ್ರಶ್ನೆ: ನಿವೃತ್ತರಾಗುತ್ತಿದ್ದ ಹಿರಿಯರೊಬ್ಬರಿಗೆ ಬೀಳ್ಕೊಡುಗೆ ಪತ್ರ ಬರೆಯುವಾಗ 'ತುಂಬಾ ಹೆಸರುವಾಸಿ' ಅನ್ನಲು 'ನಟೋರಿಯಸ್' ಅಂತ ಬರೆದೆ. ಎಲ್ಲರಿಗೂ ಗೊತ್ತಿರುವವರು ಅಂತ ಎಲ್ಲೋ ಓದಿದ್ದೆ. ಅವರು ಏನೂ ಅನ್ನಲಿಲ್ಲ, ಆದರೆ ತಪ್ಪು ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಇಂಥದ್ದು ಮತ್ತೆ ಆಗದಂತೆ ಏನು ಮಾಡಲಿ?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಆ ಹಿರಿಯರಿಗೆ ಒಂದು ಮಾತು ಹೇಳಿಬಿಡಿ, ಮನಸ್ಸು ಹಗುರವಾಗುತ್ತದೆ. ಇಲ್ಲಿ ಧಾತು ನೋಡಿದ್ದರೂ ನೀವು ತಪ್ಪುತ್ತಿರಲಿಲ್ಲ ಅನ್ನುವ ಹಾಗಿಲ್ಲ, ಯಾಕೆಂದರೆ ಅದರ ಮೂಲಕ್ಕೆ ನಿಜಕ್ಕೂ 'ಗೊತ್ತಿರುವ' ಅಂತಲೇ ಅರ್ಥ. ಬಳಕೆಯಲ್ಲಿ ಮಾತ್ರ ಅದು ಕುಖ್ಯಾತ. ಪ್ರಖ್ಯಾತಕ್ಕೂ ಕುಖ್ಯಾತಕ್ಕೂ ಇರುವಷ್ಟೇ ದೂರ.

ಪದಕ್ಕೆ ಅರ್ಥದ ಜೊತೆ ಒಂದು ಬಣ್ಣ ಇರುತ್ತದೆ. 'ಚೈಲ್ಡ್‌ಲೈಕ್' ಅಂದರೆ ಮಗುವಿನ ಮುಗ್ಧತೆ, ಹೊಗಳಿಕೆ. 'ಚೈಲ್ಡಿಶ್' ಅಂದರೆ ಹುಡುಗಾಟಿಕೆ, ಬೈಗುಳ. 'ಎಲೊಕ್ವೆಂಟ್', 'ಲೊಕ್ವೇಶಸ್' ಎರಡೂ 'ಮಾತಾಡು' ಅನ್ನುವ ಒಂದೇ ಬೇರಿನವು, ಮೊದಲನೆಯವರ ಮಾತು ಕೇಳುತ್ತಲೇ ಇರಬೇಕು ಅನಿಸುತ್ತದೆ, ಎರಡನೆಯವರದು ನಿಂತರೆ ಸಾಕು ಅನಿಸುತ್ತದೆ. ಬಣ್ಣದ ಜೊತೆ ಮಟ್ಟವೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಒಳಗೆ ಬಂದವು, ಆಮೇಲೆ ವಿದ್ವಾಂಸರು ಲ್ಯಾಟಿನ್ನಿನಿಂದ ಇನ್ನಷ್ಟು ತಂದರು. ಹಾಗಾಗಿ ಒಂದೇ ಕೆಲಸಕ್ಕೆ 'ಆಸ್ಕ್', 'ಕ್ವೆಶ್ಚನ್', 'ಇಂಟರಾಗೇಟ್' ಅಂತ ಮೂರು ಪದ ನಿಂತಿವೆ. ನಮ್ಮಲ್ಲಿ ಕೇಳು, ಪ್ರಶ್ನಿಸು, ವಿಚಾರಣೆ ಮಾಡು ಇರುವ ಹಾಗೆ. ಗೆಳೆಯನ ಹತ್ತಿರ ಟೈಮ್ ಎಷ್ಟು ಅಂತ ಯಾರೂ ವಿಚಾರಣೆ ಮಾಡುವುದಿಲ್ಲ ತಾನೇ?

ನೋಟ್‌ಬುಕ್ಕಿನಲ್ಲಿ ಪದದ ಮುಂದೆ ಬರೀ ಅರ್ಥ ಬರೆಯುವುದನ್ನು ಬಿಡಿ. ಅದು ಬಂದ ಪೂರ್ತಿ ವಾಕ್ಯ ಬರೆಯಿರಿ, ಜೊತೆಗಾರ ಪದಕ್ಕೆ ಅಡಿಗೆರೆ ಹಾಕಿ. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಇದಕ್ಕೆ ನಿಯಮ ಇಲ್ಲ, ರೂಢಿ ಅಷ್ಟೇ. ಹೊಸ ಪದವನ್ನು ಮೂರು ನಾಲ್ಕು ಬೇರೆ ಬೇರೆ ವಾಕ್ಯಗಳಲ್ಲಿ ಓದುವ ತನಕ ಪತ್ರದಲ್ಲಿ ಬಳಸಬೇಡಿ. ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳಲ್ಲಿ ಉದಾಹರಣೆ ವಾಕ್ಯಗಳು ಜಾಸ್ತಿ ಇರುತ್ತವೆ, ಅವನ್ನೇ ಇಟ್ಟುಕೊಳ್ಳಿ.

ಪ್ರಶ್ನೆ: ದಿನಕ್ಕೆ ಎಷ್ಟು ಪದ ಕಲಿಯಬೇಕು?

ಉತ್ತರ: ಐದಾರು ಸಾಕು. ಎಷ್ಟು ಅನ್ನುವುದಕ್ಕಿಂತ ಮತ್ತೆ ಯಾವಾಗ ಅನ್ನುವುದು ಮುಖ್ಯ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಬಾಯಿಪಾಠ ಮಾಡಿ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಗಂಟೆಗಳಲ್ಲೇ ಮರೆವು ಹೆಚ್ಚು, ಆಮೇಲೆ ನಿಧಾನ. ಆದ್ದರಿಂದ ಮಾರನೆಯ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನೋಡಿ. ನೋಡುವ ಮುಂಚೆ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ, ಸುಮ್ನೆ ಓದಿಕೊಂಡು ಹೋದರೆ ಗೊತ್ತಿದೆ ಅನಿಸುತ್ತದೆ ಅಷ್ಟೇ.

ಪ್ರಶ್ನೆ: 'ಪೆಡ್' ಅಂದರೆ ಕಾಲು ಅಂತ ಕಲಿತೆ. 'ಪೆಡೆಸ್ಟ್ರಿಯನ್' ಸರಿಹೋಯಿತು. ಆದರೆ 'ಪೀಡಿಯಾಟ್ರಿಶಿಯನ್' ಮಕ್ಕಳ ಡಾಕ್ಟರ್ ಹೇಗಾದರು?

ಉತ್ತರ: ಒಳ್ಳೆಯ ಪ್ರಶ್ನೆ. ಅವು ಎರಡು ಬೇರೆ ಬೇರುಗಳು. ಕಾಲಿನದು ಲ್ಯಾಟಿನ್, ನಮ್ಮ ಪಾದದ ಸಂಬಂಧಿ. ಮಕ್ಕಳದು ಗ್ರೀಕ್. ಬ್ರಿಟಿಷ್ ಸ್ಪೆಲ್ಲಿಂಗಿನಲ್ಲಿ ಮಕ್ಕಳ ಡಾಕ್ಟರಿಗೆ 'ಪಿ' ಆದಮೇಲೆ 'ಎ', 'ಇ' ಎರಡೂ ಬರುತ್ತವೆ, ಅದರಿಂದ ಗುರುತು ಹಿಡಿಯಬಹುದು. ಅಮೆರಿಕನ್ನರು ಆ 'ಎ' ಬಿಟ್ಟಿದ್ದಾರೆ, ಗೊಂದಲ ಅಲ್ಲಿಂದ ಬಂತು. ಹಾಗಾದರೆ ವಂಶಾವಳಿ ಅನ್ನುವ 'ಪೆಡಿಗ್ರೀ'? ಮಕ್ಕಳು ಮರಿಗಳ ವಿಷಯವಾದ್ದರಿಂದ ಗ್ರೀಕ್ ಬೇರು ಅನಿಸುತ್ತದೆ. ಅಲ್ಲ, ಅದೂ ಕಾಲೇ. ಹಳೆಯ ಫ್ರೆಂಚಿನಲ್ಲಿ 'ಕೊಕ್ಕರೆಯ ಕಾಲು' ಅನ್ನುವ ಮಾತು ಅದು, ವಂಶಾವಳಿಯ ಚಿತ್ರದಲ್ಲಿ ಕವಲೊಡೆಯುವ ಗೆರೆಗಳು ಹಕ್ಕಿಯ ಬೆರಳುಗಳ ಹಾಗೆ ಕಾಣುತ್ತಿದ್ದವು.