ಓದುಗರ ಪ್ರಶ್ನೆ: ಕಾಲೇಜಿಂದ ಕಾಲೇಜಿಗೆ ಗಾಜಿನ ಎಳೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜು ಮತ್ತು ಸಂಶೋಧನಾ ಕೇಂದ್ರಗಳನ್ನು ಒಂದೇ ಫೈಬರ್ ಜಾಲಕ್ಕೆ ಸೇರಿಸುವ ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ.

ನಾಲ್ಕು ಕಾಲೇಜುಗಳು ಸೇರಿ ಬೀದರ್, ಕಲಬುರಗಿ, ಯಾದಗಿರಿ ನಡುವೆ ಫೈಬರ್ ಸಂಪರ್ಕ ಮಾಡಿಕೊಳ್ಳುವ ಯೋಚನೆಯಿದೆ. ಸ್ವಂತ ಕೇಬಲ್ ಹೂಳಿಸುವುದು ಲೇಸೋ, ಬಾಡಿಗೆಗೆ ಪಡೆಯುವುದು ಲೇಸೋ?
— ಸಿಸ್ಟಮ್ ಅಡ್ಮಿನ್, ಕಲಬುರಗಿ

ಊರಿಂದ ಊರಿಗೆ ಬಾಡಿಗೆ, ಊರೊಳಗೆ ಸ್ವಂತ. ನೂರಾರು ಕಿಲೋಮೀಟರ್ ತೋಡುವ ಹಣವನ್ನು ನಾಲ್ಕು ಕಾಲೇಜುಗಳು ಹೇಗೋ ಹೊಂದಿಸಬಹುದು. ಆದರೆ ನಡುರಾತ್ರಿ ಕೇಬಲ್ ಕಡಿದಾಗ ಓಡಿಹೋಗುವ ತಂಡವನ್ನು ಸಾಕುವುದು ಅವುಗಳಿಂದ ಆಗುವ ಮಾತಲ್ಲ. ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ನಡೆಸುವ, ವಿಶ್ವವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ರಾಷ್ಟ್ರೀಯ ಜ್ಞಾನ ಜಾಲಕ್ಕೆ 2010ರಲ್ಲೇ ಮಂಜೂರಾತಿ ಸಿಕ್ಕಿದೆ. ನಿಮ್ಮಲ್ಲಿ ಒಬ್ಬರಾದರೂ ಅದರ ಸದಸ್ಯರೇ ಎಂದು ಮೊದಲು ವಿಚಾರಿಸಿ. ಭಾರತ್‌ನೆಟ್ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ, ಅದನ್ನು ಗ್ರಾಮ ಪಂಚಾಯಿತಿ ಮುಟ್ಟಲೆಂದು ಹಾಕಿದ್ದು.

ಬಾಡಿಗೆಗೆ ಕೇಳಬೇಕಾದದ್ದು 'ಡಾರ್ಕ್ ಫೈಬರ್', ಅಂದರೆ ಬೆಳಕು ಹಾಯಿಸದ ಬರೀ ಎಳೆ. ಎರಡು ಜೋಡಿ ತೆಗೆದುಕೊಳ್ಳಿ: ಒಂದು ಓಡಲಿಕ್ಕೆ, ಇನ್ನೊಂದು ಪರೀಕ್ಷೆಗೂ ಆಪತ್ತಿಗೂ. 15 ಇಲ್ಲವೇ 20 ವರ್ಷದ ಬಳಕೆ ಹಕ್ಕು ಪಡೆದು, ವಾರ್ಷಿಕ ನಿರ್ವಹಣೆಯ ಮೊತ್ತವನ್ನು ಬೇರೆಯಾಗಿ ಬರೆಸಿಕೊಳ್ಳುವುದು ರೂಢಿ. ಕರಾರಿನಲ್ಲಿ 'ದುರಸ್ತಿ ನಮ್ಮ ಜವಾಬ್ದಾರಿ' ಎಂಬ ಒಂದು ಸಾಲು ಸಾಲದು. ಪ್ರತಿ ಎಳೆಗೂ 1310 ಮತ್ತು 1550 ನ್ಯಾನೋಮೀಟರ್‌ನಲ್ಲಿ, ಎರಡೂ ತುದಿಯಿಂದ ತೆಗೆದ ಓಟಿಡಿಆರ್ ನಕ್ಷೆ ಬೇಕು (ಎಳೆಯೊಳಗೆ ಬೆಳಕು ಬಿಟ್ಟು ಎಲ್ಲೆಲ್ಲಿ ಎಷ್ಟು ನಷ್ಟ, ಎಲ್ಲಿ ಕಡಿದಿದೆ ಎಂದು ತೋರಿಸುವ ಯಂತ್ರ ಓಟಿಡಿಆರ್). ಮಾರ್ಗದಲ್ಲಿ ಬೆಳಕು ಸವೆಯುವ ಒಟ್ಟು ನಷ್ಟ ಇಷ್ಟು ಡೆಸಿಬೆಲ್ (ಆ ನಷ್ಟದ ಅಳತೆ) ಮೀರಬಾರದು ಎಂಬ ಮಿತಿಯೂ ಬೇಕು. ಈ ಮಿತಿಯನ್ನು ಬಹಳ ಜನ ಮರೆಯುತ್ತಾರೆ. ಕೇಬಲ್ ಒಂದು ಸಲ ಕಡಿದರೆ ನಡುವೆ ತುಂಡು ಕೇಬಲ್ ಸೇರಿಸುತ್ತಾರೆ, ಹಾಗಾಗಿ ಎರಡು ಹೊಸ ಜಾಯಿಂಟ್ ಬರುತ್ತವೆ. ಹತ್ತು ಸಲ ಕಡಿದರೆ ಇಪ್ಪತ್ತು. ಒಂದೊಂದಕ್ಕೆ 0.1 ಡೆಸಿಬೆಲ್ ಹಿಡಿದರೂ 2 ಡೆಸಿಬೆಲ್ ಹೋಯಿತು. ಮಿತಿ ಬರೆದಿದ್ದರೆ, ಹಳೆಯ ತುಂಡುಗಳನ್ನು ಕಿತ್ತು ಪೂರ್ತಿ ಹೊಸ ಕೇಬಲ್ ಎಳೆಯುವುದು ಬಾಡಿಗೆಗೆ ಕೊಟ್ಟವರ ಹೊಣೆಯಾಗುತ್ತದೆ.

ಊರೊಳಗಿನ ಕೆಲಸವನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇರುವ ಕಂಪನಿಯಿಂದಲೇ ಮಾಡಿಸಿ. ರಸ್ತೆ ಅಗೆಯುವ ಅರ್ಜಿಗೆ 2025ರ ಜನವರಿ 1ರಿಂದ ಹೊಸ ಮಾರ್ಗಹಕ್ಕು ನಿಯಮಗಳು ಜಾರಿಯಲ್ಲಿವೆ. ಡಕ್ಟ್, ಅಂದರೆ ಕೇಬಲ್ ಹಾಯಿಸುವ ಕೊಳವೆ, 40 ಮಿಲಿಮೀಟರ್ ಹೊರವ್ಯಾಸ, 33 ಮಿಲಿಮೀಟರ್ ಒಳವ್ಯಾಸದ ಎಚ್‌ಡಿಪಿಇ ಪ್ಲಾಸ್ಟಿಕ್‌ನದಿರಲಿ. ತೋಡುವಾಗಲೇ ಎರಡು ಡಕ್ಟ್ ಹಾಕಿಸಿ, ಒಂದು ಖಾಲಿ ಬಿದ್ದಿರಲಿ. ಮಣ್ಣಿನಲ್ಲಿ ವಾಡಿಕೆಯ ಆಳ 1.65 ಮೀಟರ್. ಶಹಾಬಾದ್ ಕಡೆ ಪರ್ಸಿ ಬಂಡೆ, ಯಾದಗಿರಿಯಲ್ಲಿ ಕರಿಗಲ್ಲು ಅಡ್ಡ ಬಂದಲ್ಲಿ ಅಷ್ಟು ಆಳ ಆಗದು. ಅಂಥ ಕಡೆ ಡಕ್ಟನ್ನು ಜಿಐ ಪೈಪಿನೊಳಗೆ ಇಟ್ಟು ಮೇಲೆ ಕಾಂಕ್ರೀಟ್ ಹಾಕಿಸಬೇಕು. ಬಿಲ್ಲಿನಲ್ಲಿ ಎಲ್ಲ ಕಡೆ 1.65 ಎಂದೇ ಇರುತ್ತದೆ, ಮುಚ್ಚುವ ಮೊದಲು ಟೇಪು ಹಿಡಿದು ನೋಡುವವರು ನಿಮ್ಮ ಕಡೆಯವರಾಗಿರಲಿ.

ಕಲಬುರಗಿಯಿಂದ ಬೀದರ್‌ಗೆ 10 ಗಿಗಾಬಿಟ್ ಬೇಕು. ಸ್ವಿಚ್ಚಿಗೆ ಸಿಕ್ಕಿಸುವ, '80 ಕಿಲೋಮೀಟರ್' ಎಂದು ಬರೆದ ಬೆಳಕಿನ ಮಾಡ್ಯೂಲ್ ಹಾಕಿದರೆ ನೇರ ಮುಟ್ಟುತ್ತದೆಯೇ?
— ಉಪನ್ಯಾಸಕಿ, ಬೀದರ್

ಮುಟ್ಟುವುದಿಲ್ಲ. ಕೂಡಿ ಕಳೆದು ನೋಡೋಣ. ರಸ್ತೆಯ ಅಳತೆ 110 ಕಿಲೋಮೀಟರ್ ಆಸುಪಾಸು. ಚೇಂಬರಿನಲ್ಲಿ (ಜಾಯಿಂಟ್ ಇಡುವ ನೆಲದೊಳಗಿನ ಗುಂಡಿ) ಸುತ್ತಿಟ್ಟ ಸುರುಳಿ, ಸುತ್ತುಬಳಸು ಸೇರಿ ಎಳೆಯ ಉದ್ದ 120 ಎಂದುಕೊಳ್ಳಿ. 1550ರಲ್ಲಿ ಕಿಲೋಮೀಟರಿಗೆ 0.22ರಂತೆ 26.4 ಡೆಸಿಬೆಲ್. ಕೇಬಲ್ ಡ್ರಮ್ 2 ಕಿಲೋಮೀಟರಿನದಾದರೆ ಸುಮಾರು 60 ಜಾಯಿಂಟ್, 0.05ರಂತೆ 3. ಕನೆಕ್ಟರ್ ನಾಲ್ಕಕ್ಕೆ 2. ಮುಂದಿನ ದುರಸ್ತಿಗಳಿಗೆಂದು 3 ಮೀಸಲು. ಒಟ್ಟು 34ರ ಮೇಲೆ. ನೀವು ಹೇಳುವ 80 ಕಿಲೋಮೀಟರಿನ, ಅಂದರೆ ಝಡ್‌ಆರ್ ಬಗೆಯ ಮಾಡ್ಯೂಲ್ ಕನಿಷ್ಠ 0 ಡಿಬಿಎಂ (ಬೆಳಕಿನ ಬಲದ ಅಳತೆ) ಕಳಿಸಿ, −24ರವರೆಗೆ ಓದಬಲ್ಲದು. ಅಂದರೆ ಕೈಯಲ್ಲಿರುವುದು 24 ಮಾತ್ರ. ಆಂಪ್ಲಿಫೈಯರ್ ಇಟ್ಟು ಬೆಳಕು ಹೆಚ್ಚಿಸಿದರೂ ಇನ್ನೊಂದು ತೊಡಕಿದೆ. 1550ರಲ್ಲಿ ಬೆಳಕಿನ ಮಿಡಿತ ದೂರ ಹೋದಷ್ಟೂ ಹರಡಿಕೊಂಡು ಒಂದರ ಮೇಲೊಂದು ಬೀಳುತ್ತದೆ. ಆ '80' ಎಂಬ ಅಂಕಿ ಈ ಹರಡುವಿಕೆಯದ್ದೂ ಹೌದು.

ಹುಮನಾಬಾದ್‌ನಲ್ಲಿ ನಿಲ್ಲಿಸಿಕೊಳ್ಳಿ. ಕಲಬುರಗಿ–ಹುಮನಾಬಾದ್ ಎಳೆ 65 ಕಿಲೋಮೀಟರ್ ಎಂದರೆ ನಷ್ಟ 18, ಮೀಸಲು ಸೇರಿ 21. ಹುಮನಾಬಾದ್–ಬೀದರ್ 55 ಎಂದರೆ 15.5, ಮೀಸಲು ಸೇರಿ 18.5. ಎರಡೂ 24ರೊಳಗೆ ಬಂದವು. ಹುಮನಾಬಾದ್‌ನಲ್ಲಿ ಒಂದು ಸ್ವಿಚ್, ಬ್ಯಾಟರಿ, ಬೀಗ ಹಾಕಿದ ಒಂದು ಕೋಣೆ ಸಾಕು. ಅಲ್ಲಿಯ ಕಾಲೇಜೂ ಜಾಲಕ್ಕೆ ಸೇರಿದಂತಾಗುತ್ತದೆ, ಕೋಣೆಗೂ ಒಬ್ಬ ವಾರಸುದಾರ ಸಿಗುತ್ತಾನೆ.

ಒಂದು ಎಚ್ಚರಿಕೆ. ಮಾಡ್ಯೂಲ್ ಬಂದ ದಿನ ಎರಡನ್ನೂ ಮೇಜಿನ ಮೇಲಿಟ್ಟು ಒಂದು ಮೀಟರಿನ ಪ್ಯಾಚ್ ಕಾರ್ಡ್‌ನಿಂದ ಜೋಡಿಸಿ ನೋಡುವ ಚಟ ಎಲ್ಲರಿಗೂ ಇದೆ. ಝಡ್‌ಆರ್ ರಿಸೀವರ್ −7 ಡಿಬಿಎಂಗಿಂತ ಹೆಚ್ಚಿನ ಬೆಳಕು ಸಹಿಸದು, ಅಲ್ಲಿ +4 ಕೂಡ ಬರಬಹುದು. ನಡುವೆ ಬೆಳಕು ತಗ್ಗಿಸುವ 15 ಡೆಸಿಬೆಲ್‌ನ ಅಟೆನ್ಯುಯೇಟರ್ ಇಲ್ಲದೆ ಜೋಡಿಸಬೇಡಿ, ಮಾಡ್ಯೂಲ್ ಸುಡಬಹುದು.

ಮಳಿ ಸುರು ಆದ್ಮ್ಯಾಲ ಎರಡ್ ಸಲ ಲಿಂಕ್ ಬಿತ್ತು. ಓಟಿಡಿಆರ್ 11.4 ಕಿಲೋಮೀಟರ್ ಅಂತ ತೋರಿಸ್ತು. ಗಾಡಿ ಮೀಟರ್ ನೋಡಿ ಅಲ್ಲೇ ತೋಡಿದ್ವಿ, ಕೇಬಲ್ ಚಂದಾನೇ ಇತ್ತು. ಮಷಿನ್ ಸುಳ್ಳು ಹೇಳ್ಲತದೇನ್ರೀ?
— ಕಾಲೇಜಿನ ತಂತ್ರಜ್ಞ, ಯಾದಗಿರಿ

ಮಷಿನ್ ಸುಳ್ಳು ಹೇಳಿಲ್ಲ. ಅದು ಅಳೆದದ್ದು ಗಾಜಿನ ಎಳೆಯನ್ನು, ನೀವು ಅಳೆದದ್ದು ರಸ್ತೆಯನ್ನು. 11.4ರೊಳಗೆ ಐದು ಚೇಂಬರ್ ಬರುತ್ತವೆ ಎಂದುಕೊಳ್ಳಿ. ಒಂದೊಂದರಲ್ಲಿ 20 ಮೀಟರ್ ಕೇಬಲ್ ಸುತ್ತಿಟ್ಟಿದ್ದರೆ ಅಲ್ಲಿಗೇ 100 ಮೀಟರ್. ಕೇಬಲಿನೊಳಗೆ ಎಳೆ ನೆಟ್ಟಗಿರುವುದಿಲ್ಲ, ಕೊಳವೆಯಲ್ಲಿ ಬಳುಕಿ ಸುತ್ತಿಕೊಂಡಿರುತ್ತದೆ. ಕೇಬಲಿಗಿಂತ ಅದು ಅರ್ಧದಿಂದ ಒಂದು ಶೇಕಡಾ ಉದ್ದ. ಅದು ಇನ್ನೊಂದು 60ರಿಂದ 110 ಮೀಟರ್. ಗಾಜಿನಲ್ಲಿ ಬೆಳಕು ಎಷ್ಟು ನಿಧಾನವೆಂದು ಯಂತ್ರಕ್ಕೆ ಹೇಳುವ ವಕ್ರೀಭವನ ಸೂಚ್ಯಂಕವನ್ನು ಕೇಬಲ್ ತಯಾರಕರು ಕೊಟ್ಟಂತೆ, ಸಾಮಾನ್ಯವಾಗಿ 1.467–1.468, ಹಾಕದೆ 1.46 ಎಂದು ಬಿಟ್ಟಿದ್ದರೆ ಮತ್ತೆ 60 ಮೀಟರ್ ಆಚೀಚೆ. ನಿಮ್ಮ ಗುಂಡಿ ಇನ್ನೂರು ಮೀಟರ್ ಮುಂದೆ ಬಿದ್ದಿರಬೇಕು.

ಶೂನ್ಯದಿಂದ ಅಳೆಯಬೇಡಿ, ಹತ್ತಿರದ ಜಾಯಿಂಟಿನಿಂದ ಅಳೆಯಿರಿ. ಹಳೆಯ ನಕ್ಷೆಯಲ್ಲಿ ಐದನೇ ಜಾಯಿಂಟ್ 10.31ರಲ್ಲಿ ಕಾಣಿಸಿದ್ದರೆ, ಕಡಿದದ್ದು ಆ ಚೇಂಬರಿನಿಂದ 1,090 ಮೀಟರ್ ಎಳೆಯಾಚೆ. ಅದರಲ್ಲಿ ಚೇಂಬರಿನ ಸುರುಳಿಯಲ್ಲಿ ಮುಂದಿನ ಕೇಬಲಿನ ಪಾಲು 10 ಮೀಟರ್, ಬಳುಕಿಗೆಂದು 10 ಮೀಟರ್ ಕಳೆದರೆ 1,070. ಆ ಚೇಂಬರಿನಿಂದ ಟೇಪು ಇಲ್ಲವೇ ಅಳತೆಗಾಲಿ ಹಿಡಿದು ನಡೆಯಿರಿ, ಗಾಡಿಯ ಮೀಟರ್ ಬೇಡ. ಬಳಿಕ ಇನ್ನೊಂದು ತುದಿಯಿಂದಲೂ ತೆಗೆದು ತಾಳೆ ನೋಡಿ. ಎರಡೂ ಅಳತೆ ಕೂಡಿಸಿದಾಗ ಮಾರ್ಗದ ಹಳೆಯ ಉದ್ದಕ್ಕಿಂತ ಬಹಳ ಕಡಿಮೆ ಬಂದರೆ ಕೇಬಲ್ ಎರಡು ಕಡೆ ಕಡಿದಿದೆ ಎಂದೇ ಅರ್ಥ. ಪೈಪ್‌ಲೈನ್ ಕೆಲಸದ ಜೆಸಿಬಿ ಕೇಬಲನ್ನು ಹಲ್ಲಿಗೆ ಸಿಕ್ಕಿಸಿ ಎಳೆದಾಗ ಹೀಗಾಗುವುದುಂಟು, ಕಣ್ಣಿಗೆ ಕಾಣುವ ತುಂಡಿನಾಚೆ ಜಾಯಿಂಟ್ ಡಬ್ಬಿಯೊಳಗೂ ಎಳೆ ಕಿತ್ತುಬಂದಿರುತ್ತದೆ. ಓಟಿಡಿಆರ್ ಮುಂದೆ 500 ಮೀಟರಿನ ಲಾಂಚ್ ಕೇಬಲ್ ಇಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ನಿಮ್ಮ ರ‍್ಯಾಕಿನ ಮೊದಲ ಕನೆಕ್ಟರಿನ ದೋಷವೇ ಕಾಣುವುದಿಲ್ಲ. ಇಟ್ಟ ಮೇಲೆ ಆ 500 ಕಳೆಯುವುದನ್ನೂ ಮರೆಯಬೇಡಿ!

ಇನ್ನು ಮಳೆಯ ಮಾತು. ನಿಮ್ಮ ಮಾರ್ಗ ಎರೆ ನೆಲದಲ್ಲಿದ್ದರೆ ಜೆಸಿಬಿ ಇಲ್ಲದೆಯೂ ತೊಂದರೆ ಬರುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಎರೆ, ಮಳೆಗೆ ಉಬ್ಬಿ ಡಕ್ಟನ್ನು ಎತ್ತಿ ತಿರುಚುತ್ತದೆ. ಡಕ್ಟ್ ಜೋಡಿಸುವ ಕಪ್ಲರ್ ಬಿಚ್ಚಿ ಕೆಸರು ಒಳಗೆ ಹೋಗುತ್ತದೆ, ಚೇಂಬರ್ ವಾಲಿ ಡಕ್ಟಿನ ಬಾಯಲ್ಲಿ ಕೇಬಲ್ ಮಡಚಿಕೊಳ್ಳುತ್ತದೆ. ಇದನ್ನು ಗುರುತಿಸುವುದು ಸುಲಭ: ಒಂದೇ ಜಾಗದಲ್ಲಿ 1310ರಲ್ಲಿ ನಷ್ಟ ಕಡಿಮೆ, 1550ರಲ್ಲಿ ಹೆಚ್ಚು ಇದ್ದರೆ ಅದು ಬಾಗು. ಎರಡರಲ್ಲೂ ಒಂದೇ ಇದ್ದರೆ ಜಾಯಿಂಟಿನ ದೋಷ. ಬಾಗಿದ್ದಲ್ಲಿ ಕತ್ತರಿಸಬೇಡಿ, ಚೇಂಬರ್ ತೆರೆದು ಬಿಡಿಸಿದರೆ ಆಯಿತು. ಮುಂದಿನ ಸಲ ತೋಡಿಸುವಾಗ ಡಕ್ಟಿನ ಕೆಳಗೂ ಮೇಲೂ ಮರಳು ಇಲ್ಲವೇ ಮುರಮ್ ಹಾಕಿಸಿ. ತೆಗೆದ ಎರೆಯನ್ನೇ ಹೆಂಟೆಗಳ ಸಮೇತ ಒಳಗೆ ದೂಡಿದರೆ ಮೊದಲ ಮಳೆಗೇ ನೆಲ ಕುಸಿಯುತ್ತದೆ.

ಕೇಬಲ್ ಎಲ್ಲಿದೆ ಎಂದು ಅಗೆಯುವವರಿಗೆ ತಿಳಿಸಲು 2023ರಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂದಿದೆ, ಮಾರ್ಗದ ಮಾಲೀಕರು ಅದರಲ್ಲಿ ನೋಂದಾಯಿಸಿದ್ದಾರೆಯೇ ಕೇಳಿ. ಜೊತೆಗೆ ಜೆಸಿಬಿ ಓಡಿಸುವ ಸ್ಥಳೀಯ ಹುಡುಗರ ಬಳಿ ನಿಮ್ಮ ನಂಬರ್ ಇರಲಿ. ನಮ್ಮ ಪ್ರಕಾರ ಎರಡನೆಯದರ ಉಪಯೋಗವೇ ಹೆಚ್ಚು.

ಎರಡು ಕಂಪನಿಗಳಿಂದ ಎರಡು ಮಾರ್ಗ ಪಡೆದಿದ್ದೇವೆ. ಎರಡೂ ಒಂದೇ ಕ್ಷಣಕ್ಕೆ ಬಿದ್ದವು. ಹೇಗೆ ಸಾಧ್ಯ?
— ಪ್ರಾಚಾರ್ಯರು, ಶಹಾಪುರ

ಬಿಲ್ಲು ಎರಡು, ತಗ್ಗು ಒಂದೇ. ಒಂದು ಕಂಪನಿ ಇನ್ನೊಂದರ ಎಳೆಯನ್ನೇ ಬಾಡಿಗೆಗೆ ಪಡೆದಿರಬಹುದು. ಇಲ್ಲವೇ ಭೀಮಾ ನದಿಯನ್ನು ಇಬ್ಬರೂ ಒಂದೇ ಸೇತುವೆಯ ಪೈಪಿನಲ್ಲಿ ದಾಟಿರಬಹುದು. ಕಾಲೇಜಿನ ಗೇಟಿನಿಂದ ಸರ್ವರ್ ಕೋಣೆಯವರೆಗಿನ ಕೊನೆಯ 300 ಮೀಟರ್ ಒಂದೇ ಆಗಿರುವುದಂತೂ ತೀರಾ ಸಾಮಾನ್ಯ. ಇಬ್ಬರಿಂದಲೂ ಮಾರ್ಗದ ಗುರುತುಗಳಿರುವ ಕೆಎಂಝಡ್ ನಕ್ಷೆ ಫೈಲ್ ತರಿಸಿ ಒಂದೇ ನಕ್ಷೆಯ ಮೇಲೆ ಹಾಸಿ ನೋಡಿ. ಕೊಡಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆಯೇ.

ಮೂರು ಜಿಲ್ಲೆಗಳಿಗೆ ನಿಜವಾದ ವರ್ತುಲ, ಅಂದರೆ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸುತ್ತಿಬರುವ ಜಾಲ, ಬೇಕಿದ್ದರೆ ತೆಲಂಗಾಣದೊಳಗೆ ಹೋಗಿಬರಬೇಕು. 2017ರಲ್ಲಿ ತೆರೆದ ಬೀದರ್–ಕಲಬುರಗಿ ರೈಲುಮಾರ್ಗ ಒಂದು ತೋಳು. ಬೀದರ್‌ನಿಂದ ಜಹೀರಾಬಾದ್, ವಿಕಾರಾಬಾದ್, ಅಲ್ಲಿಂದ ತಾಂಡೂರು, ಸೇಡಂ, ಚಿತ್ತಾಪುರ, ವಾಡಿ ಹಾದು ಕಲಬುರಗಿ ಇನ್ನೊಂದು ತೋಳು. ಯಾದಗಿರಿ ವಾಡಿಯಿಂದ ಕವಲೊಡೆಯುತ್ತದೆ. ಹಳಿಯ ಪಕ್ಕದ ಫೈಬರಿಗೆ ರೈಲ್ವೆಯ ದೂರಸಂಪರ್ಕ ಕಂಪನಿ ರೈಲ್‌ಟೆಲ್ ಅನ್ನು ಕೇಳಬೇಕು. ಸುತ್ತು ದೊಡ್ಡದು, ನಿಜ. ಆದರೆ ಬೆಳಕಿಗೆ 200 ಕಿಲೋಮೀಟರ್ ಹೆಚ್ಚಾದರೆ ಒಂದು ಮಿಲಿಸೆಕೆಂಡ್ ಹೆಚ್ಚು, ಅಷ್ಟೆ.

1 ಗಿಗಾಬಿಟ್ ಲಿಂಕ್ ಇದೆ. ಸ್ಪೀಡ್ ಟೆಸ್ಟ್ 900 ತೋರಿಸುತ್ತದೆ. ಬೆಂಗಳೂರಿನ ಪ್ರಯೋಗಾಲಯಕ್ಕೆ ದತ್ತಾಂಶ ಕಳಿಸಿದರೆ 25–26 ಮೆಗಾಬಿಟ್ ದಾಟುವುದಿಲ್ಲ.
— ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ನಿಮ್ಮ ಅಂಕಿಯೇ ರೋಗ ಹೇಳುತ್ತಿದೆ. ಹೋಗಿಬರುವ ಸಮಯ 20 ಮಿಲಿಸೆಕೆಂಡ್, ಟಿಸಿಪಿ ವಿಂಡೋ (ಉತ್ತರ ಬರುವ ಮೊದಲು ಒಮ್ಮೆಗೆ ಕಳಿಸಬಹುದಾದ ದತ್ತಾಂಶದ ಮಿತಿ) 64 ಕಿಲೋಬೈಟ್ ಎಂದರೆ ವೇಗ ಸರಿಯಾಗಿ 26 ಮೆಗಾಬಿಟ್. ಕಳಿಸುವವನು 64 ಕಿಲೋಬೈಟ್ ಕಳಿಸಿ ಸುಮ್ಮನೆ ಉತ್ತರ ಕಾಯುತ್ತಾನೆ. ಗಿಗಾಬಿಟ್ ತುಂಬಲು 2.5 ಮೆಗಾಬೈಟ್ ಬೇಕು. ಈಗಿನ ಲಿನಕ್ಸ್ ಇದನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ, ಹಾಗಾಗಿ ಮೊದಲ ಅನುಮಾನ ನಡುವಿನ ಫೈರ್‌ವಾಲ್ ಮೇಲೆ. ಕೆಲವು ಫೈರ್‌ವಾಲ್‌ಗಳು ವಿಂಡೋ ಹಿಗ್ಗಿಸುವ 'ವಿಂಡೋ ಸ್ಕೇಲಿಂಗ್' ಆಯ್ಕೆಯನ್ನೇ ಅಳಿಸಿಬಿಡುತ್ತವೆ. ಸ್ಪೀಡ್ ಟೆಸ್ಟ್ ಸರ್ವರ್ ಹತ್ತಿರದಲ್ಲಿರುತ್ತದೆ, ಹಲವು ಸಂಪರ್ಕ ಒಟ್ಟಿಗೆ ತೆರೆಯುತ್ತದೆ. ಅದಕ್ಕೆ ಈ ಕಾಯಿಲೆ ಕಾಣುವುದಿಲ್ಲ.

ವಿಂಡೋ ಸರಿಯಿದ್ದೂ ವೇಗ 70ರ ಆಸುಪಾಸು ನಿಂತರೆ ಪ್ಯಾಕೆಟ್ ನಷ್ಟ ಹುಡುಕಿ. ಈ ದೂರಕ್ಕೆ ಹಳೆಯ ಟಿಸಿಪಿ ವಿಧಾನದಲ್ಲಿ ಹತ್ತು ಸಾವಿರಕ್ಕೆ ಒಂದು ಪ್ಯಾಕೆಟ್ ಕಳೆದರೂ ಅಷ್ಟಕ್ಕೇ ಇಳಿಯುತ್ತದೆ. ಕಾರಣ ಬಹಳ ಸಲ ಕನೆಕ್ಟರಿನ ಮೇಲಿನ ಧೂಳು. ನಮ್ಮ ಕಡೆ ಬೇಸಿಗೆಯ ಗಾಳಿಗೆ ಮುಚ್ಚಳ ತೆರೆದಿಟ್ಟರೆ ಒಂದು ಗಳಿಗೆ ಸಾಕು. ಅಂಗಿಯ ಚುಂಗಿಗೆ ಒರೆಸದೆ ಕ್ಲೀನರ್ ಪೆನ್ ಬಳಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಆಮೇಲೆ ಸಿಕ್ಕಿಸಿ. ದೊಡ್ಡ ದತ್ತಾಂಶ ಕಳಿಸುವ ಒಂದು ಯಂತ್ರವನ್ನು ಫೈರ್‌ವಾಲಿನ ಹೊರಗೆ, ರೌಟರಿನ ಬಿಗಿ ನಿಯಮಗಳ ಕಾವಲಿನಲ್ಲಿ ಇಡುವುದು ಸಂಶೋಧನಾ ಜಾಲಗಳ ರೂಢಿ. ಪಕ್ಕದಲ್ಲೇ ಪರ್ಫ್‌ಸೋನಾರ್ ಯಂತ್ರವೊಂದು ದಿನವಿಡೀ ನಷ್ಟ ಅಳೆಯುತ್ತಿರಲಿ.

ಬೇಸಿಗೆಯಲ್ಲಿ ಕರೆಂಟ್ ಹೋದರೆ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ತಂದು ಎರಡೇ ವರ್ಷ ಆಯಿತು.
— ಚಿತ್ತಾಪುರ

ಬಿಸಿಲಿಗೆ ಸತ್ತಿದೆ. ಸೀಲ್ ಮಾಡಿದ ಸೀಸದ ಬ್ಯಾಟರಿಯ ಆಯುಸ್ಸು 25 ಡಿಗ್ರಿಯ ಲೆಕ್ಕದ್ದು. ಅದರ ಮೇಲೆ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಗಡಿನ ಕೋಣೆ ಬಿಡಿ, ನೆಲಮಹಡಿಯ ಉತ್ತರದ ಕಡೆಯ ಕಲ್ಲಿನ ಕೋಣೆ ಹುಡುಕಿ. ಚಾರ್ಜರಿನ ತಾಪಮಾನ ಸಂವೇದಕವನ್ನು ಬ್ಯಾಟರಿಗೇ ಅಂಟಿಸಿ. ಲೆಕ್ಕ ಹೀಗೆ: 200 ವ್ಯಾಟ್ ಉಪಕರಣ 48 ವೋಲ್ಟಿನಲ್ಲಿ ಸುಮಾರು 4.2 ಆಂಪಿಯರ್ ಎಳೆಯುತ್ತದೆ, 8 ತಾಸಿಗೆ 34 ಆಂಪಿಯರ್-ಅವರ್. ಅರ್ಧಕ್ಕಿಂತ ಹೆಚ್ಚು ಬರಿದಾಗಬಾರದು, ಹಳತಾದಂತೆ ಕುಗ್ಗುತ್ತದೆ ಎಂದು ಹಿಡಿದು 100ರ ಸೆಟ್ ತನ್ನಿ. ವರ್ಷಕ್ಕೊಮ್ಮೆ, ಯುಗಾದಿಗೆ ಮೊದಲು, ಮೇನ್ ಸ್ವಿಚ್ ಆರಿಸಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಬರೆದಿಡಿ.