ಪಂಕ್ಚರ್ ಅಂಗಡಿಯ ಟಿವಿ

ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು:

"ನೀವು ಯಾವಾಗ ನೋಡಿದರೂ 'ಮಾಲ್ಗುಡಿ ಡೇಸ್' ಹೊಗಳುತ್ತೀರಿ. ಯಾರೂ ಮಾತಾಡದ ಟೆಲಿಫಿಲ್ಮು, ಕಾಮಿಡಿ ಸೀರಿಯಲ್ಲುಗಳ ಬಗ್ಗೆ ಬರೆಯುವುದೇ ಇಲ್ಲ. ಅಂಗಡಿಯಲ್ಲಿ ಟಿವಿ ಓಡುತ್ತಲೇ ಇರುತ್ತದೆ. ಗಿರಾಕಿ ಬಂದರೆ ಎದ್ದು ಹೋಗಬೇಕು. ಹಾಗಾಗಿ ನಾನು ನೋಡಿದ್ದೆಲ್ಲ ಅರ್ಧರ್ಧ. ಆದರೂ ಹೇಳುತ್ತೇನೆ, ನನಗೆ ಮಾಲ್ಗುಡಿಗಿಂತ 'ಸಿಲ್ಲಿ ಲಲ್ಲಿ' ವಾಸಿ. ಟೆಲಿಫಿಲ್ಮುಗಳಿಗೆ ಕೊನೆ ಅನ್ನುವುದೇ ಇರಲ್ಲ. 'ಸದ್ಗತಿ' ನೋಡಿದೆ, ಒಬ್ಬ ಸೌದೆ ಒಡೆಯುತ್ತಾನೆ, ಮಲಗುತ್ತಾನೆ, ಅಷ್ಟೇ. ಇನ್ನು ಅಮೆರಿಕದ ಆ ಲಾರಿ ಸಿನಿಮಾ. ಅದರಲ್ಲಿ ಏನಿದೆ? ಶಿರಾಡಿ ಘಾಟಿಯಲ್ಲಿ ದಿನಾ ನಡೆಯುವುದೇ ಅದು. ನನ್ನಂಥವನ ಅಭಿಪ್ರಾಯ ಹಾಕ್ತೀರಾ?"

ಹಾಕಿದ್ದೇವೆ. ಇನ್ನು ಜಗಳಕ್ಕೆ ಬರೋಣ.

ಕಾಮಿಡಿ ಸೀರಿಯಲ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಅರ್ಧಕ್ಕಿಂತ ಜಾಸ್ತಿ ಒಪ್ಪಿಗೆ ಇದೆ. ಮನೆಮಂದಿಯ ಕಾಮಿಡಿ ಇರುವುದೇ ಅರ್ಧದಲ್ಲಿ ಬಂದು ಕೂರುವವರಿಗೆ. ಒಗ್ಗರಣೆ ಹಾಕಿ ಬಂದವರಿಗೂ, ಗೇಟಿನ ಹತ್ತಿರ ಮಾತಾಡಿ ಬಂದವರಿಗೂ ಎರಡು ನಿಮಿಷದಲ್ಲಿ ಎಲ್ಲ ಗೊತ್ತಾಗಬೇಕು. ಅದಕ್ಕೇ ಅಲ್ಲಿ ಒಂದೇ ಸೋಫಾ, ಒಂದೇ ಬಾಗಿಲು, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. 'ಪಾಪ ಪಾಂಡು'ವಿನಲ್ಲಿ ಹೆಂಡತಿಯನ್ನು ಕಂಡರೆ ಗಂಡ ನಡುಗುತ್ತಾನೆ. ಇಷ್ಟು ಗೊತ್ತಿದ್ದರೆ ಯಾವ ಕಂತನ್ನಾದರೂ ಎಲ್ಲಿಂದಾದರೂ ನೋಡಬಹುದು. 'ಸಿಲ್ಲಿ ಲಲ್ಲಿ'ಯ ಸಮಾಜ ಸೇವಕಿ ಲಲಿತಾಂಬ ಒಳಗೆ ಬಂದರೆ ಸಾಕು, ಹಿಂದಿನ ಕಥೆ ಯಾರಿಗೆ ಬೇಕು? ಸುಲಭ ಅನ್ನಿಸುತ್ತದೆ, ಆದರೆ ಬರೆಯಲು ಕೂತವರಿಗೆ ಗೊತ್ತು ಪಾಡು. ಎರಡರ ಹಿಂದೆಯೂ ಇದ್ದ ಸಿಹಿಕಹಿ ಚಂದ್ರು ಅವರಿಗೆ ಹೆಸರಿನ ಮೊದಲ ಭಾಗ ಸಿಕ್ಕಿದ್ದೇ ದೂರದರ್ಶನದ 'ಸಿಹಿ ಕಹಿ' ಸೀರಿಯಲ್ಲಿನಿಂದ. ಆ ಸೀರಿಯಲ್ ಈಗ ಎಷ್ಟು ಜನರಿಗೆ ನೆನಪಿದೆ? ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ನೆನಪಿರುವವರಿಗೂ ಈಗ ತಲೆ ನರೆತಿದೆ.

ಮಾಲ್ಗುಡಿಯ ಜೊತೆ ಹೋಲಿಕೆ ಮಾತ್ರ ಬೇಡ. ಶಂಕರ್ ನಾಗ್ ಆಗುಂಬೆಯಲ್ಲಿ ಒಂದು ಊರನ್ನೇ ನಿಲ್ಲಿಸಿದರು. ಚಂದ್ರು ಒಂದು ಹಾಲ್ ನಿಲ್ಲಿಸಿದರು. ಗದ್ದೆಗೂ ಹಿತ್ತಿಲಿಗೂ ಪಂದ್ಯ ಕಟ್ಟಿದ ಹಾಗೆ ಅದು.

ಕಾಮಿಡಿ ಸೀರಿಯಲ್ಲಿನ ಹಿನ್ನೆಲೆಯಲ್ಲಿ ನಗುವವರು ಯಾರು ಎಂದೂ ಒಂದು ಕಡೆ ಕೇಳಿದ್ದೀರಿ. ಎಷ್ಟೋ ಸಲ ಯಾರೂ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಸೌಂಡ್ ಎಂಜಿನಿಯರ್ ಚಾರ್ಲ್ಸ್ ಡಗ್ಲಾಸ್ ನಗುವಿನ ಪೆಟ್ಟಿಗೆಯನ್ನೇ ಮಾಡಿದ. ಗುಂಡಿ ಒತ್ತಿದರೆ ಕಿಸಕ್, ಇನ್ನೊಂದು ಒತ್ತಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ನನಗೂ ಅದು ಕಂಡರಾಗದು.

ಟೆಲಿಫಿಲ್ಮಿಗೆ ಬರೋಣ. ಇಲ್ಲಿ ನಿಮ್ಮನ್ನು ಸುಮ್ನೆ ಬಿಡುವುದಿಲ್ಲ.

'ಸದ್ಗತಿ' 1981ರಲ್ಲಿ ಸತ್ಯಜಿತ್ ರಾಯ್ ದೂರದರ್ಶನಕ್ಕೆ ಮಾಡಿಕೊಟ್ಟ ಚಿತ್ರ. ಕಥೆ ಪ್ರೇಮಚಂದರದು. ಒಟ್ಟು ಒಂದು ಗಂಟೆಯೂ ಇಲ್ಲ. ಚರ್ಮದ ಕೆಲಸದ ದುಖಿ ಎಂಬವನು ಮಗಳ ನಿಶ್ಚಯಕ್ಕೆ ದಿನ ಕೇಳಲು ಪುರೋಹಿತನ ಮನೆಗೆ ಬರುತ್ತಾನೆ. ಜ್ವರದಿಂದ ಎದ್ದವನು, ಹೊಟ್ಟೆಗೆ ಏನೂ ಇಲ್ಲ. ಪುರೋಹಿತ ದಿನ ಹೇಳುವ ಮೊದಲು ಬಿಟ್ಟಿ ಕೆಲಸ ಹಚ್ಚುತ್ತಾನೆ. ಕೊನೆಗೆ ಒಂದು ಮರದ ಕೊರಡು. ಅದು ಒಡೆಯುವುದೇ ಇಲ್ಲ. ದುಖಿಯಾದ ಓಂ ಪುರಿ ಕೊಡಲಿ ಎತ್ತುತ್ತಾರೆ, ಇಳಿಸುತ್ತಾರೆ, ಮತ್ತೆ ಎತ್ತುತ್ತಾರೆ. ದಣಿದು ಅಲ್ಲೇ ಒರಗುತ್ತಾರೆ.

ನೀವು ಟೈರ್ ಬಿಚ್ಚಲು ಎದ್ದು ಹೋಗಿದ್ದು ಇಲ್ಲೇ ಇರಬೇಕು. ಯಾಕೆಂದರೆ ಅದು ಬರೀ ಜೊಂಪು. ಪುರೋಹಿತ ಬಂದು ಬೈದು ಎಬ್ಬಿಸುತ್ತಾನೆ. ದುಖಿ ಸಿಟ್ಟಿನಲ್ಲೇ ಮತ್ತೆ ಕೊಡಲಿ ಹಿಡಿಯುತ್ತಾನೆ. ಈ ಸಲ ಬಿದ್ದವನು ಏಳುವುದಿಲ್ಲ. ಹೆಣ ಬಾವಿಯ ದಾರಿಯಲ್ಲಿದೆ. ಮುಟ್ಟುವವರಿಲ್ಲ. ಅವನ ಕೇರಿಯವರೂ ಎತ್ತಲು ಬರುವುದಿಲ್ಲ. ಕಡೆಗೆ ಪುರೋಹಿತನೇ ಕೈ ಸೋಕದ ಹಾಗೆ ಹೆಣದ ಕಾಲಿಗೆ ಹಗ್ಗ ಸಿಕ್ಕಿಸಿ, ಊರಾಚೆಗೆ ಎಳೆದು ಹಾಕಿ, ಬಂದು ನೀರು ಚಿಮುಕಿಸಿ ಜಾಗ ಶುದ್ಧ ಮಾಡುತ್ತಾನೆ. ಕೊನೆ ಇಲ್ಲ ಅಂದ್ರಿ, ಅಲ್ವಾ? ನಾನು ನೋಡಿದ ಯಾವ ಮೂರು ಗಂಟೆ ಸಿನಿಮಾಕ್ಕೂ ಇಂಥ ಕೊನೆ ಇಲ್ಲ.

ಟೆಲಿಫಿಲ್ಮಿನ ಕಷ್ಟವೇ ಇದು. ಸೀರಿಯಲ್ ಹಾಗೆ ನಾಳೆ ಇನ್ನೊಂದು ಕಂತಿಲ್ಲ. ಥಿಯೇಟರ್ ಹಾಗೆ ದುಡ್ಡು ಕೊಟ್ಟು, ಕತ್ತಲಲ್ಲಿ ಕೂತು ನೋಡುವವರೂ ಇಲ್ಲ. ಮನೆಯ ಗಲಾಟೆಯ ನಡುವೆ ಒಂದು ಸಲ ಬರುತ್ತದೆ. ಕರೆಂಟು ಹೋದರೆ ಅದೂ ಹೋಯಿತು.

ಇದನ್ನು ಬರೆಯುವಾಗ ಒಂದು ವಿಷಯ ನೆನಪಾಗಿ ನಗು ಬರುತ್ತಿದೆ. 1983ರ ಆಗಸ್ಟ್‌ನಲ್ಲಿ ಹಾರಿದ ಇನ್ಸಾಟ್-1ಬಿ ಉಪಗ್ರಹದ ಮೂಲಕ ದೆಹಲಿಯ ಕಾರ್ಯಕ್ರಮಗಳು ದೇಶದ ಮೂಲೆಮೂಲೆಗೆ ಹೋದವು. ಅದರ ಲಗಾಮು ಇದ್ದದ್ದು ಹಾಸನದಲ್ಲಿ, ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂ.ಸಿ.ಎಫ್‌ನಲ್ಲಿ. ಇಡೀ ದೇಶದ ಟಿವಿಯನ್ನು ಆಕಾಶದಲ್ಲಿ ಅಲುಗಾಡದಂತೆ ಹಿಡಿದ ಊರು ನಮ್ಮದು. ಆದರೆ ನಮ್ಮ ಬೀದಿಯಲ್ಲಿ ಆಂಟೆನಾ ಮೇಲೆ ಒಂದು ಕಾಗೆ ಕೂತರೆ ಚಿತ್ರ ಹೋಗುತ್ತಿತ್ತು!

ಈಗ ನಿಮ್ಮ ಲಾರಿ. ಅದು 'ಡ್ಯುಯೆಲ್'. 1971ರ ನವೆಂಬರ್‌ನಲ್ಲಿ ಅಮೆರಿಕದ ಎಬಿಸಿ ಚಾನೆಲ್ಲಿನಲ್ಲಿ ಬಂದ 74 ನಿಮಿಷದ ಟಿವಿ ಸಿನಿಮಾ. ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ ಇನ್ನೂ 24 ವರ್ಷ. ಶೂಟಿಂಗ್ ಎರಡು ವಾರದ ಒಳಗೇ ಮುಗಿಯಿತು. ಒಂದು ಕೆಂಪು ಕಾರು, ಒಂದು ಹಳೇ ಟ್ಯಾಂಕರ್, ಬಿಸಿಲಿನ ರಸ್ತೆ, ಅಷ್ಟೇ ಬಂಡವಾಳ. ಕಾರು ಕೆಂಪಗಿರಲಿ ಎಂದದ್ದು ಕಂದು ಬಣ್ಣದ ಬಯಲಲ್ಲಿ ಕಣ್ಣಿಗೆ ಹೊಡೆಯಲಿ ಎಂದೇ. ಆಮೇಲೆ ಬೇರೆ ದೇಶಗಳ ಥಿಯೇಟರಿಗಾಗಿ ಇನ್ನಷ್ಟು ದೃಶ್ಯ ಸೇರಿಸಿ ಉದ್ದ ಮಾಡಿದರು. ನನ್ನ ಕೇಳಿದರೆ ಚಿಕ್ಕದೇ ಚೆಂದ.

ಶಿರಾಡಿಯಲ್ಲಿ ಹಿಂದಿನಿಂದ ಹಾರ್ನ್ ಹೊಡೆದು ಅಟ್ಟುವ ಲಾರಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಘಾಟಿಯ ಡ್ರೈವರ್ ಮುಂದೆ ಎಲ್ಲೋ ಚಹಾಕ್ಕೆ ನಿಲ್ಲಿಸುತ್ತಾನೆ, ಮುಖ ಕಾಣುತ್ತದೆ, ನೀವು ನಾಲ್ಕು ಮಾತು ಬೈಯುತ್ತೀರಿ, ಅವನೂ ಬೈಯುತ್ತಾನೆ, ಮುಗಿಯಿತು. ಈ ಸಿನಿಮಾದಲ್ಲಿ ಅವನ ಕೈ ಕಾಣುತ್ತದೆ, ಬೂಟು ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಯಾಕೆ ಅಟ್ಟುತ್ತಿದ್ದಾನೆ ಎಂದೂ ಹೇಳುವುದಿಲ್ಲ. ಬೈಯಲು ಯಾರೂ ಸಿಗದ ಭಯ ಅದು.

ಆದರೆ ಇದೇ ಸಿನಿಮಾ ಬಗ್ಗೆ ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯನ್ನು ನಾನು ಎಷ್ಟೋ ಸಲ ನೋಡಿಯೂ ಕೇಳಿಕೊಂಡಿರಲಿಲ್ಲ. "ಒಂದೇ ಲಾರಿಯ ಬಂಪರ್ ಮೇಲೆ ಅಷ್ಟೊಂದು ನಂಬರ್ ಪ್ಲೇಟ್ ಯಾಕೆ?" ಪತ್ರ ಓದಿ ಮತ್ತೆ ಹಾಕಿ ನೋಡಿದೆ. ಹೌದು, ಬೇರೆ ಬೇರೆ ರಾಜ್ಯದ ಪ್ಲೇಟುಗಳು ಸಾಲಾಗಿವೆ. ಇವನು ಹಿಂದೆ ಎಷ್ಟು ರಾಜ್ಯಗಳಲ್ಲಿ ಎಷ್ಟು ಜನರನ್ನು ಹೀಗೆ ಅಟ್ಟಿದ್ದಾನೋ ಎಂದು ಈ ಸಲ ನನಗೆ ಮೈ ಜುಮ್ಮೆಂದಿತು. ಅಂಗಡಿ ಮುಂದೆ ನಿಂತ ಲಾರಿಯನ್ನು ದಿನಾ ಬಗ್ಗಿ ನೋಡುವವರಿಗೇ ಅದು ಕಂಡದ್ದು.

'ಸದ್ಗತಿ'ಯನ್ನು ಮಾತ್ರ ಒಂದು ದಿನ ಬಾಗಿಲು ಹಾಕಿ ಪೂರ್ತಿ ನೋಡಿ. ನೋಡಿ ಇನ್ನೊಂದು ಪತ್ರ ಹಾಕಿ, ನಾಲ್ಕು ಪುಟವಾದರೂ ಅಡ್ಡಿಯಿಲ್ಲ.

- ಸಂಪಾದಕ